ಸುದ್ದಿಗೆ ಬೇಲಿ ಕಟ್ಟುವವರು

ಗಿರಣಿಯ ಗೇಟಿನೆದುರಿನ ಚಹದಂಗಡಿಗೆ ಒಂದು ಪತ್ರಿಕೆ ಬಂದರೆ ಸಂಜೆಯೊಳಗೆ ಅದು ಇಪ್ಪತ್ತು ಕೈ ದಾಟುತ್ತಿತ್ತು. ಓದು ಬಾರದವನಿಗೆ ಓದು ಬಲ್ಲವನು ಓದಿ ಹೇಳುತ್ತಿದ್ದ. ಕೊಂಡವನೊಬ್ಬ, ಓದಿದವರು ಇಪ್ಪತ್ತು ಮಂದಿ ಎಂದು ಯಾವ ಮಾಲೀಕನೂ ತಕರಾರು ತೆಗೆಯಲಿಲ್ಲ.

ಈಗ ಪತ್ರಿಕೆ ಮೊಬೈಲಿಗೆ ಬಂದಿದೆ. ಅದರ ಬೆನ್ನಿಗೇ ಹೊಸ ಕರಾರೂ ಬಂದಿದೆ. ಚಂದಾ ಕೊಟ್ಟವನೇ ಓದಬೇಕು, ಖಾತೆಯನ್ನು ಇನ್ನೊಬ್ಬನಿಗೆ ಕೊಡಕೂಡದು, ಇಂತಿಷ್ಟು ಮೊಬೈಲುಗಳನ್ನು ಮೀರಿ ತೆರೆಯಕೂಡದು ಎಂದು ಹಲವು ಪತ್ರಿಕೆಗಳು ವಿಧಿಸಿವೆ. ನಾಲ್ವರು ಕೂಲಿಕಾರರು ದುಡ್ಡು ಕೂಡಿಸಿ ಒಂದು ಪತ್ರಿಕೆ ಓದಿದರೆ ಅದು ಕರಾರಿನ ಭಂಗ! ಇದಾವ ನ್ಯಾಯ?

ಮಾಲೀಕರ ಎರಡು ನಾಲಿಗೆಗಳನ್ನು ನೋಡಿರಿ. ಭಾರತೀಯ ಓದುಗರ ಸಮೀಕ್ಷೆ ಎಂಬುದೊಂದಿದೆ. ಅದು ಎಣಿಸುವುದು ಕೊಂಡವರನ್ನಲ್ಲ, ಓದಿದವರನ್ನು. 2019ರ ಸಮೀಕ್ಷೆಯಲ್ಲಿ ದೈನಿಕ್ ಜಾಗರಣ್ ಪತ್ರಿಕೆಗೆ 7 ಕೋಟಿಗೂ ಮಿಕ್ಕಿ ಓದುಗರು. ಮಾರಾಟವಾಗುತ್ತಿದ್ದ ಪ್ರತಿಗಳು ಅದರ ಹತ್ತರಲ್ಲೊಂದು ಪಾಲೂ ಇಲ್ಲ. ಹಂಚಿಕೊಂಡು ಓದಿದವರ ತಲೆ ಎಣಿಸಿಯೇ ಪತ್ರಿಕೆಗಳು ಜಾಹೀರಾತಿನ ದರ ಕುದುರಿಸುತ್ತವೆ. 2020ರ ಮೇ ತಿಂಗಳಲ್ಲಿ, ಲಾಕ್‌ಡೌನಿನ ನಡುವೆ, ಅದೇ ಸಂಸ್ಥೆ ದೆಹಲಿ ಹೈಕೋರ್ಟಿಗೆ ಹೋಗಿ, ತನ್ನ ಇ-ಪೇಪರನ್ನು ಟೆಲಿಗ್ರಾಮಿನಲ್ಲಿ ಹಂಚುತ್ತಿದ್ದ ಚಾನೆಲುಗಳನ್ನು ಮುಚ್ಚಿಸುವ ಆಜ್ಞೆ ತಂದಿತು. ಸಾವಿರಾರು ಜನಕ್ಕೆ ನಕಲು ಹಂಚುವುದನ್ನು ನಾವು ಸಮರ್ಥಿಸುವುದಿಲ್ಲ. ಆದರೆ ಒಂದೇ ಮನೆಯ, ಒಂದೇ ಅಂಗಡಿಯ, ಒಂದೇ ಪಾಳಿಯ ಜನ ಕೂಡಿ ಓದುವುದೂ ಕಳ್ಳತನವೇ? ಹಂಚಿ ಓದುವವನು ಜಾಹೀರಾತಿನ ಲೆಕ್ಕಕ್ಕೆ ಬೇಕು, ಚಂದಾದ ಲೆಕ್ಕಕ್ಕೆ ಬೇಡವೇ?

ವರದಿಗಾರರಿಗೆ ಸಂಬಳ ಕೊಡಬೇಡವೇ ಎಂದು ಮಾಲೀಕರು ಕೇಳುತ್ತಾರೆ. ಕೊಡಲೇಬೇಕು, ನಾವು ಪುಕ್ಕಟೆ ಬೇಡುವವರಲ್ಲ. ಆದರೆ ಪತ್ರಿಕಾ ನೌಕರರಿಗೆ ಮಜೀಠಿಯಾ ಮಂಡಳಿ ಗೊತ್ತುಮಾಡಿದ ವೇತನವನ್ನು ಸರ್ಕಾರ 2011ರಲ್ಲಿ ಪ್ರಕಟಿಸಿದಾಗ ಅದನ್ನು ತಡೆಯಲು ಸುಪ್ರೀಂ ಕೋರ್ಟಿಗೆ ಓಡಿದವರು ಯಾರು? 2014ರಲ್ಲಿ ಸೋತ ಮೇಲೂ ಎಷ್ಟೋ ಕಡೆ ವೇತನ ಪೂರ್ತಿ ಸಿಗದೆ, ನೌಕರರು ಮತ್ತೆ ಅದೇ ಕೋರ್ಟಿನ ಬಾಗಿಲು ಬಡಿಯಬೇಕಾಯಿತು. ವೇತನ ಕೊಡಲೇಬೇಕೆಂದು 2017ರಲ್ಲಿ ಕೋರ್ಟು ಇನ್ನೊಮ್ಮೆ ಹೇಳಬೇಕಾಯಿತು. ನೌಕರನ ಹೆಸರು ಹೇಳಿ ಓದುಗನ ಜೇಬಿಗೆ ಕೈ ಹಾಕುವವರ ಬಾಯಲ್ಲಿ ಈ ಮಾತು ಶೋಭಿಸುವುದಿಲ್ಲ.

ಇದು ಬರೀ ನಾಲ್ಕು ಕಾಸಿನ ಜಗಳವಲ್ಲ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರಗಳು ಬದಲಾದವು. ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಸಣ್ಣ ವ್ಯಾಪಾರಿಯ ಗಲ್ಲಾಪೆಟ್ಟಿಗೆ, ಕಾರ್ಮಿಕನ ಕೆಲಸ ಎರಡೂ ಇವುಗಳಲ್ಲಡಗಿವೆ. ಇವುಗಳ ಸರಿಯಾದ ವಿವರಣೆ ಬೇಲಿಯೊಳಗಿದ್ದು, ವಾಟ್ಸಾಪಿನ ಸುಳ್ಳು ಮಾತ್ರ ಪುಕ್ಕಟೆ ಸಿಕ್ಕರೆ ಬಡವನ ತಲೆಗೆ ತುಂಬುವುದೇನು? ತಿಳಿಯದವನನ್ನು ಆಳುವುದು ಸುಲಭ. ಅದನ್ನು ಧಣಿಗಳು ಚೆನ್ನಾಗಿ ಬಲ್ಲರು.

ಆದುದರಿಂದ ನಮ್ಮ ಬೇಡಿಕೆ ಸ್ಪಷ್ಟ. ಮನೆಗೊಂದು, ಅಂಗಡಿಗೊಂದು, ಸಂಘಕ್ಕೊಂದು ಚಂದಾ ಸಾಕು. ಅದರೊಳಗೆ ತಲೆ ಎಣಿಸಕೂಡದು. 1965ರ ಗ್ರಂಥಾಲಯ ಕಾಯ್ದೆಯಂತೆ ಆಸ್ತಿ ತೆರಿಗೆಯೊಡನೆ ನಾವು ಗ್ರಂಥಾಲಯ ಕರ ತೆರುತ್ತೇವೆ. ಆ ಹಣದಿಂದ ಊರಿನ ಗ್ರಂಥಾಲಯ ಕಾಗದದ ಪತ್ರಿಕೆ ತರಿಸುವಂತೆ ಮೊಬೈಲಿನ ಪತ್ರಿಕೆಯನ್ನೂ ತರಿಸಿ ಎಲ್ಲರಿಗೂ ತೆರೆದಿಡಲಿ. ಕಾರ್ಮಿಕ ಸಂಘಗಳು, ವರ್ತಕರ ಸಂಘಗಳು ಈ ಕುರಿತು ಠರಾವು ಮಾಡಿ ಪತ್ರಿಕೆಗಳಿಗೂ ಗ್ರಂಥಾಲಯ ಇಲಾಖೆಗೂ ಕಳುಹಿಸಲಿ.

ರೊಟ್ಟಿಯನ್ನು ಹಂಚಿದರೆ ಪಾಲು ಕಿರಿದಾಗುತ್ತದೆ. ಸುದ್ದಿಯನ್ನು ಹಂಚಿದರೆ ಯಾರ ಪಾಲೂ ಕಿರಿದಾಗದು.