ಅಕ್ಷರದ ಎಣಿಕೆ ಮತ್ತು ಯಂತ್ರದ ಪರೀಕ್ಷೆ

ಗಣಕದ ತೆರೆಯ ಮೇಲಿನ ಗುಂಡಿಯನ್ನು ಒತ್ತುವ, ಚೌಕದಲ್ಲಿ ಹೆಸರನ್ನು ತುಂಬುವ, ಬಂದ ಉತ್ತರವನ್ನು ಓದಿ ಸರಿಯೋ ತಪ್ಪೋ ಎಂದು ನಿರ್ಣಯಿಸುವ ಕೆಲಸವನ್ನು ಮನುಷ್ಯರ ಬದಲು ಒಂದು ತಂತ್ರಾಂಶವೇ ನಿರ್ವಹಿಸುವುದನ್ನು ಸ್ವಯಂಚಾಲಿತ ಇಂಟರ್‌ಫೇಸ್ ಪರೀಕ್ಷೆ ಎಂದು ಕರೆಯಲಾಗುತ್ತದೆ. 2004ರಲ್ಲಿ ಶಿಕಾಗೊದ ಥಾಟ್‌ವರ್ಕ್ಸ್ ಸಂಸ್ಥೆಯಲ್ಲಿದ್ದ ಜೇಸನ್ ಹಗ್ಗಿನ್ಸ್ ಆರಂಭಿಸಿದ ಸೆಲೆನಿಯಮ್ ಈ ಕ್ಷೇತ್ರದ ಪ್ರಸಿದ್ಧ ಸಾಧನ. ಅದರೊಡನೆ ಮುಂದೆ ಕೂಡಿಕೊಂಡ ವೆಬ್‌ಡ್ರೈವರ್ ವಿಧಾನವು 2018ರಲ್ಲಿ ಅಂತರರಾಷ್ಟ್ರೀಯ ಜಾಲ ಒಕ್ಕೂಟದ ಶಿಫಾರಸಿನ ಸ್ಥಾನ ಪಡೆಯಿತು. ಇದು ಎಂಜಿನಿಯರುಗಳ ವಿಷಯ, ಕನ್ನಡ ಅಧ್ಯಯನಕ್ಕೂ ಇದಕ್ಕೂ ಏನು ಸಂಬಂಧ ಎಂಬ ಆಕ್ಷೇಪ ಸಹಜವೇ. ಆದರೆ ಇಂತಹ ಪರೀಕ್ಷೆಯ ತಿರುಳಿನಲ್ಲಿರುವುದು ಎರಡು ಹಳೆಯ ಪ್ರಶ್ನೆಗಳು: ಅಕ್ಷರವೆಂದರೆ ಯಾವುದು? ಎರಡು ಪದಗಳು ಒಂದೇ ಎಂದು ಹೇಳುವುದು ಯಾವಾಗ? ಕೇಶಿರಾಜನ ಕಾಲದಿಂದಲೂ ಕನ್ನಡ ವೈಯಾಕರಣರು ವಿಚಾರಿಸುತ್ತ ಬಂದಿರುವುದು ಇದನ್ನೇ.

‘ಲಕ್ಷ್ಮೀಕಾಂತ’ ಎಂಬ ಹೆಸರನ್ನು ಗಮನಿಸಬಹುದು. ಓದುಗನ ಕಣ್ಣಿಗೆ ಇದರಲ್ಲಿರುವುದು ನಾಲ್ಕು ಅಕ್ಷರ. ಯೂನಿಕೋಡ್ ಸಂಕೇತದಲ್ಲಿ ವ್ಯಂಜನ, ವಿರಾಮಚಿಹ್ನೆ, ಸ್ವರಚಿಹ್ನೆ, ಅನುಸ್ವಾರಗಳೆಲ್ಲ ಬೇರೆಬೇರೆಯಾಗಿ ಎಣಿಕೆಗೆ ಬರುವುದರಿಂದ ಅದು 11 ಘಟಕಗಳಾಗುತ್ತದೆ. ಹೆಸರಿನ ಚೌಕಕ್ಕೆ ಹತ್ತರ ಮಿತಿ ಹಾಕಿದ್ದರೆ ಕೊನೆಯ ‘ತ’ ಒಳಗೆ ಹೋಗುವುದಿಲ್ಲ. ‘ಲಕ್ಷ್ಮೀಕಾಂ’ ಎಂಬಲ್ಲಿಗೇ ಮನುಷ್ಯನ ಹೆಸರು ಮುಗಿಯುತ್ತದೆ. ಪರೀಕ್ಷೆ ಬರೆದವರು ರೋಮನ್ ಲಿಪಿಯ ಹತ್ತು ಅಕ್ಷರಗಳನ್ನು ತುಂಬಿಸಿ ನೋಡಿ ತೃಪ್ತರಾಗಿರುತ್ತಾರೆ. ಯಂತ್ರ ‘ಉತ್ತೀರ್ಣ’ ಎಂದು ಹಸಿರು ಗುರುತು ತೋರಿಸಿರುತ್ತದೆ. ಪಹಣಿಯಲ್ಲೋ ಅಂಕಪಟ್ಟಿಯಲ್ಲೋ ಮೊಟಕಾಗಿ ಅಚ್ಚಾದ ಹೆಸರಿನ ತೊಂದರೆ ಅನುಭವಿಸುವವನು ಮಾತ್ರ ಬೇರೆಯವನು.

ಸಾಮ್ಯದ ಪ್ರಶ್ನೆ ಇದಕ್ಕಿಂತ ಸೂಕ್ಷ್ಮವಾದುದು. ‘ಕೋ’ ಎಂಬುದನ್ನು ‘ಕ’ ಮತ್ತು ಓಕಾರದ ಒಂದೇ ಚಿಹ್ನೆಯಾಗಿ ಎರಡು ಘಟಕಗಳಲ್ಲಿ ದಾಖಲಿಸಬಹುದು; ಎತ್ವ, ಕೊಂಬಿನ ದೀರ್ಘ, ದೀರ್ಘಚಿಹ್ನೆಗಳನ್ನು ಬಿಡಿಬಿಡಿಯಾಗಿ ಸೇರಿಸಿ ನಾಲ್ಕು ಘಟಕಗಳಲ್ಲಿಯೂ ದಾಖಲಿಸಬಹುದು. ಇವೆರಡೂ ಸಮಾನವೆಂದು ಯೂನಿಕೋಡ್ ಸ್ಪಷ್ಟವಾಗಿಯೇ ವಿಧಿಸಿದೆ. ಆದರೂ ಸಂಕೇತಗಳನ್ನು ಹಾಗೆಹಾಗೆಯೇ ಹೋಲಿಸುವ ಪರೀಕ್ಷಾ ತಂತ್ರಾಂಶಕ್ಕೆ ಅವು ಎರಡು ಬೇರೆ ಪದಗಳು. ‘ಸಾಫ್ಟ್‌ವೇರ್’ ಎಂದು ಬರೆಯುವಾಗ ಒತ್ತಕ್ಷರ ಮೂಡದಂತೆ ನಡುವೆ ಇರಿಸುವ ಕಾಣದ ಚಿಹ್ನೆಯದೂ ಇದೇ ಕಥೆ. ಪದದ ಕೊನೆಯಲ್ಲಿ ಅದು ಅನವಶ್ಯಕವಾಗಿ ಉಳಿದುಬಿಟ್ಟರೆ ಕಣ್ಣಿಗೆ ವ್ಯತ್ಯಾಸವೇ ಕಾಣದು, ಪರೀಕ್ಷೆ ಮಾತ್ರ ಸೋಲುತ್ತದೆ. ಹೀಗೆ ಕಾರಣ ತಿಳಿಯದೆ ಸೋಲುವ ಪರೀಕ್ಷೆಗಳನ್ನು ಪಟ್ಟಿಯಿಂದ ತೆಗೆದುಹಾಕುವ ಪ್ರಲೋಭನೆ ಸಹಜ. ಕನ್ನಡದ ಆವೃತ್ತಿ ಪರೀಕ್ಷೆಯಿಲ್ಲದೆ ಹೊರಬರುವುದಕ್ಕೆ ಇದೂ ಒಂದು ದಾರಿ.

ಇದಕ್ಕೆ ವಿರುದ್ಧವಾದ ದೋಷವೂ ಉಂಟು. ಸಂಕೇತ ಸರಿಯಾಗಿದ್ದು ಫಾಂಟಿನ ದೋಷದಿಂದ ಒತ್ತು ಕಳಚಿ ಬಿದ್ದಿದ್ದರೆ, ಸಂಕೇತವನ್ನು ಮಾತ್ರ ಓದುವ ಯಂತ್ರ ಅದನ್ನು ಕಾಣಲಾರದು. 2009ರಲ್ಲಿ ಎಂಐಟಿಯ ಸಂಶೋಧಕರು ಪ್ರಕಟಿಸಿದ ಸಿಕುಲಿ ತೆರೆಯ ಚಿತ್ರವನ್ನೇ ಹೋಲಿಸುವ ಸಾಧನ. ಜಾಲಪುಟ, ಡೆಸ್ಕ್‌ಟಾಪ್ ತಂತ್ರಾಂಶ ಎಂಬ ಭೇದ ಅದಕ್ಕಿಲ್ಲ. ಗೂಗಲ್ ಡಾಕ್ಸ್ 2021ರಲ್ಲಿ ಘೋಷಿಸಿದಂತೆ ಪಠ್ಯವನ್ನು ಚಿತ್ರಫಲಕದ ಮೇಲೆ ಬಿಡಿಸುವ ಪದ್ಧತಿ ಬಂದಮೇಲೆ ಇಂತಹ ನೋಟದ ಪರೀಕ್ಷೆಯ ಅಗತ್ಯ ಹೆಚ್ಚಿದೆ. ಫಾಂಟು ಬದಲಾದರೆ ಚಿತ್ರವೂ ಬದಲಾಗುವುದು ಅದರ ಮಿತಿ. ಕನ್ನಡಕ್ಕೆ ಎರಡೂ ಬಗೆಯ ಪರೀಕ್ಷೆಗಳು ಬೇಕು.

ಕನ್ನಡ ವಿದ್ವಾಂಸರು ನಿಜವಾಗಿ ಚಿಂತಿಸಬೇಕಾದ ಸಂಗತಿ ಬೇರೆಡೆ ಇದೆ. ವೆಬ್‌ಡ್ರೈವರ್ ತಾನು ‘ಟೈಪ್’ ಮಾಡಬೇಕಾದ ಪಠ್ಯವನ್ನು ಯೂನಿಕೋಡ್ ನಿರೂಪಿಸಿದ ಅಕ್ಷರಗುಚ್ಛಗಳಾಗಿ ಒಡೆದುಕೊಳ್ಳುತ್ತದೆ. 2023ರ ಯೂನಿಕೋಡ್ 15.1ನೆಯ ಆವೃತ್ತಿಯಲ್ಲಿ ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳ ಸಂಯುಕ್ತಾಕ್ಷರಗಳನ್ನು ಒಂದೇ ಗುಚ್ಛವಾಗಿ ಕಾಣುವ ನಿಯಮ ಸೇರಿತು. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಸೋದರ ಲಿಪಿಯಾದ ತೆಲುಗಿನಲ್ಲಿ ‘ಸ್ತ್ರೀ’ ಒಂದು ಅಕ್ಷರ. ಕನ್ನಡದಲ್ಲಿ ಅದೇ ‘ಸ್’, ‘ತ್’, ‘ರೀ’ ಎಂದು ಮೂರು ತುಂಡು. ಛಂದಸ್ಸಿನ ಪಾಠದಲ್ಲಿ ಯಾವ ವಿದ್ಯಾರ್ಥಿಯೂ ಹೀಗೆ ಎಣಿಸಲಾರ.

ಇದನ್ನು ಯಾರದೋ ದ್ವೇಷವೆಂದು ಭಾವಿಸುವುದು ತಪ್ಪಾದೀತು. ಮಾನಕಗಳು ರೂಪುಗೊಳ್ಳುವ ಸ್ಥಳದಲ್ಲಿ ಲಿಪಿಯನ್ನು ಬಲ್ಲವರ ಮಾತು ಸಾಕಷ್ಟು ಕೇಳಿಸದಿದ್ದರೆ ಹೀಗಾಗುವುದುಂಟು. ಹಳಗನ್ನಡದ ‘ೞ’ ಅಕ್ಷರಕ್ಕೆ ಯೂನಿಕೋಡಿನಲ್ಲಿ ‘ಫ’ ಎಂಬ ಉಚ್ಚಾರ ಸೂಚಿಸುವ ಹೆಸರು ಬಿದ್ದಿರುವುದನ್ನು ಇಲ್ಲಿ ನೆನೆಯಬಹುದು. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ ತಿದ್ದುಪಡಿಯನ್ನು ಪರ್ಯಾಯ ಹೆಸರಿನ ರೂಪದಲ್ಲಿ ಸೇರಿಸಲಾಗಿದೆಯೇ ಹೊರತು ಮೂಲದ ತಪ್ಪು ಹಾಗೆಯೇ ಇದೆ.

ಕನ್ನಡ ವಿಭಾಗಗಳು ಈ ದಿಸೆಯಲ್ಲಿ ಮಾಡಬಹುದಾದ ಕೆಲಸಕ್ಕೆ ಹೆಚ್ಚಿನ ಧನವೇನೂ ಬೇಕಿಲ್ಲ. ತ್ರಿವ್ಯಂಜನ ಸಂಯುಕ್ತಗಳು, ಅರ್ಕಾವತ್ತಿನ ಎರಡೂ ರೂಪಗಳು, ಱ–ೞ ಇರುವ ಪದಗಳು, ವ್ಯಂಜನಾಂತ ಅನ್ಯದೇಶ್ಯಗಳು, ಕರ್ನಾಟಕದ ವ್ಯಕ್ತಿನಾಮ ಹಾಗೂ ಊರ ಹೆಸರುಗಳು, ಇವುಗಳಿಂದ ಕೆಲವು ಸಾವಿರ ಪದಗಳನ್ನು ಆಯ್ದು, ಪ್ರತಿಯೊಂದರ ಮುಂದೆ ಅಕ್ಷರಗಳ ಸರಿಯಾದ ಎಣಿಕೆ, ಅಕಾರಾದಿಯಲ್ಲಿ ಅದರ ಸ್ಥಾನ, ಒಪ್ಪಬಹುದಾದ ಪರ್ಯಾಯ ಬರಹ ಇಷ್ಟನ್ನು ನಮೂದಿಸಿ ಮುಕ್ತವಾಗಿ ಪ್ರಕಟಿಸಿದರೆ ಪರೀಕ್ಷೆ ಬರೆಯುವ ಎಂಜಿನಿಯರು ಅದನ್ನು ನೇರವಾಗಿ ಬಳಸಿಕೊಳ್ಳಬಲ್ಲ. ಸ್ನಾತಕೋತ್ತರ ತರಗತಿಯ ಒಂದು ವರ್ಷದ ಸಂಪ್ರಬಂಧಗಳಿಗೆ ಇದು ತಕ್ಕ ವಿಷಯ. ಊರ ಹೆಸರುಗಳ ಪಟ್ಟಿಯಿಂದ ಆರಂಭಿಸುವುದು ಸುಲಭ. ಸ್ಥಳನಾಮ ಅಧ್ಯಯನಗಳ ಸಾಮಗ್ರಿ ಈಗಾಗಲೇ ಗ್ರಂಥಾಲಯಗಳಲ್ಲಿ ಲಭ್ಯವಿದೆ.