ಬಟ್ಲರ್ ಜ್ಯೋತಿಷಿಯಲ್ಲ

ಅಮೆರಿಕದ ಕಾದಂಬರಿಕಾರ್ತಿ ಆಕ್ಟೇವಿಯಾ ಬಟ್ಲರ್ ಅವರ ಬಗ್ಗೆ ಈಚೆಗೆ ಬರುತ್ತಿರುವ ಲೇಖನಗಳನ್ನು ಓದಿ ರೋಸಿಹೋಗಿದ್ದೇನೆ. ಎಲ್ಲರದ್ದೂ ಒಂದೇ ಬೆರಗು: 1993ರಲ್ಲೇ ಎಲ್ಲ ಹೇಳಿಬಿಟ್ಟಿದ್ದರಂತೆ! 'ಪ್ಯಾರಬಲ್ ಆಫ್ ದಿ ಸೋವರ್' ಕಾದಂಬರಿಯ ದಿನಚರಿ ಶುರುವಾಗುವುದು 2024ರ ಜುಲೈನಲ್ಲಿ. 2025ರ ಫೆಬ್ರವರಿ 1ರ ಪುಟದಲ್ಲಿ ಬೆಂಕಿ ಬಿದ್ದ ಸುದ್ದಿಯಿದೆ. ನಿಜ ಬದುಕಿನಲ್ಲೂ 2025ರ ಜನವರಿಯಲ್ಲಿ ಲಾಸ್ ಏಂಜಲೀಸಿನ ಸುತ್ತ ಕಾಳ್ಗಿಚ್ಚು ಹಬ್ಬಿ, ಬಟ್ಲರ್ ಅವರ ಸಮಾಧಿಯಿರುವ ಆಲ್ಟಡೀನಾ ಮತ್ತು ಅಕ್ಕಪಕ್ಕದಲ್ಲೇ 9,000ಕ್ಕೂ ಹೆಚ್ಚು ಕಟ್ಟಡಗಳು ಸುಟ್ಟವು. ಇಷ್ಟು ಬರೆದರೆ ಲೇಖನ ಮುಗಿಯಿತು. ಆದರೆ ಏರುತ್ತಿದ್ದ ಬಿಸಿಲು, ನೀರಿನ ಕೊರತೆ, ಬಡವ ಬಲ್ಲಿದರ ನಡುವಿನ ಕಂದರ ಎಲ್ಲವೂ ಅವರ ಕಾಲದ ದಿನಪತ್ರಿಕೆಗಳಲ್ಲೇ ಇದ್ದವು. ಯಾರೂ ತಡೆಯದಿದ್ದರೆ ಇವು ಎಲ್ಲಿಗೆ ಮುಟ್ಟುತ್ತವೆ ಎಂದು ಅವರು ಕೂತು ಯೋಚಿಸಿದರು. ಅದನ್ನು ಭವಿಷ್ಯವಾಣಿ ಎಂದು ಕರೆದರೆ ಆ ದುಡಿಮೆಗೆ ಅವಮಾನ.

ಇನ್ನೊಂದು ಗುಂಪಿನ ತಕರಾರು ಬೇರೆ. ಪ್ರಳಯೋತ್ತರ ಕಥನವೆಂದರೆ ಕಾರ್ಮ್ಯಾಕ್ ಮೆಕಾರ್ಥಿಯವರ 'ದಿ ರೋಡ್' (2006) ಒಂದೇ, ಬಟ್ಲರ್ ಬರೆದದ್ದು ಬರೀ ಸಂದೇಶ ಎಂದು ನಮ್ಮ ಸಹೋದರ ಪತ್ರಿಕೆಯೊಂದು ಪುಟಗಟ್ಟಲೆ ವಾದಿಸಿದೆ. ಬೂದಿ ಮುಚ್ಚಿದ ರಸ್ತೆ, ಸಾಮಾನು ತುಂಬಿದ ತಳ್ಳುಗಾಡಿ, ಪಿಸ್ತೂಲು, ಅಪ್ಪ ಮತ್ತು ಮಗ. ಆ ಗದ್ಯಕ್ಕೆ ನನ್ನದೂ ನಮಸ್ಕಾರ. ಆದರೆ ವಾದ ಮಾಡುವವರು ಆ ಹುಡುಗನ ಮಾತು ಕೇಳಿಸಿಕೊಂಡಿಲ್ಲ. ದಾರಿಯಲ್ಲಿ ಸಿಕ್ಕವರಿಗೆ ಏನಾದರೂ ಕೊಡೋಣ ಎಂದು ಅವನು ಗೋಗರೆಯುತ್ತಾನೆ, ಅಪ್ಪ ಬೇಡವೆನ್ನುತ್ತಾನೆ. ಮುದುಕನೊಬ್ಬನಿಗೆ ಊಟ ಹಾಕಲು ಮಾತ್ರ ಒಲ್ಲದ ಮನಸ್ಸಿನಿಂದ ಒಪ್ಪುತ್ತಾನೆ. ಕೊನೆಗೆ ಅಪ್ಪ ಸತ್ತಾಗ ಹುಡುಗನ ಕೈ ಹಿಡಿಯುವುದು ಅಪ್ಪ ಜನ್ಮದಲ್ಲಿ ನಂಬದೇ ಹೋದ ಅಪರಿಚಿತರ ಕುಟುಂಬವೇ. ಆ ಕುಟುಂಬ ಅಂಥ ಲೋಕದಲ್ಲಿ ಒಟ್ಟಾಗಿ ಉಳಿದದ್ದು ಹೇಗೆ? ಮೆಕಾರ್ಥಿ ಅಲ್ಲಿಗೆ ಪುಸ್ತಕ ಮುಚ್ಚುತ್ತಾರೆ. ಬಟ್ಲರ್ ಅಲ್ಲಿಂದಲೇ ಕೆಲಸ ಶುರುಮಾಡಿದವರು.

'ಸೋವರ್' ಶುರುವಾಗುವಾಗ ಅವರ ನಾಯಕಿ ಲಾರೆನ್ ಒಲಮೀನಾಗೆ ಹದಿನೈದು. ಸುತ್ತ ಗೋಡೆ ಎಬ್ಬಿಸಿಕೊಂಡ ಬೀದಿಯೊಂದರಲ್ಲಿ ವಾಸ. ಈ ಗೋಡೆ ಒಂದು ದಿನ ಬೀಳುತ್ತದೆ, ತಯಾರಾಗೋಣ ಎಂದು ಗೆಳತಿಗೆ ಹೇಳುತ್ತಾಳೆ. ಗೆಳತಿ ಹೆದರಿ ತಾಯಿಯ ಕಿವಿಗೆ ಹಾಕುತ್ತಾಳೆ, ಮಾತು ಸುತ್ತಿ ಬಳಸಿ ಲಾರೆನ್‌ಳ ಅಪ್ಪನಿಗೆ ಮುಟ್ಟುತ್ತದೆ. ಪಾದ್ರಿಯಾದ ಅಪ್ಪ ಮಗಳನ್ನು ಕೂರಿಸಿಕೊಂಡು ತರಾಟೆಗೆ ತೆಗೆದುಕೊಳ್ಳುತ್ತಾನೆ. ಆದರೆ ನೀನು ಹೇಳಿದ್ದು ಸುಳ್ಳು ಎಂದು ಒಮ್ಮೆಯೂ ಅನ್ನುವುದಿಲ್ಲ. ಜನರನ್ನು ಹೆದರಿಸಬೇಡ, ಅವರಿಗೆ ಕಲಿಸು ಎನ್ನುತ್ತಾನೆ. ಇಡೀ ಕಾದಂಬರಿಯ ಬೇರು ಈ ಪ್ರಸಂಗದಲ್ಲಿದೆ ಎಂದು ನಾನು ತಿಳಿದಿದ್ದೇನೆ. ಯಾವ ಕಾಡುಗಿಡ ತಿನ್ನಬಹುದು, ಓಕ್ ಕಾಯಿಯ ಹಿಟ್ಟಿನಲ್ಲಿ ರೊಟ್ಟಿ ಮಾಡುವುದು ಹೇಗೆ ಎಂಬಂಥ ತಿಳಿವಳಿಕೆ ಅಲ್ಲಿ ಬಂದೂಕಿನಷ್ಟೇ ಬೆಲೆಯುಳ್ಳದ್ದು.

ಗೋಡೆ ಬಿದ್ದ ಮೇಲೆ ಹೆದ್ದಾರಿ ಹಿಡಿದು ಉತ್ತರಕ್ಕೆ ನಡೆಯುವ ಲಾರೆನ್ ಜೊತೆಗಿರುವವರು ಇಬ್ಬರೇ, ಹ್ಯಾರಿ ಮತ್ತು ಜಾರಾ. ಜಾರಾಗೆ ಅಕ್ಷರ ಬರುವುದಿಲ್ಲ, ಆದರೆ ಬೀದಿಯ ಬದುಕು ಚೆನ್ನಾಗಿ ಗೊತ್ತು. ಲಾರೆನ್ ಅವಳಿಗೆ ಓದು ಕಲಿಸುತ್ತಾಳೆ; ಬೀದಿಯಲ್ಲಿ ಜೀವ ಉಳಿಸಿಕೊಳ್ಳುವುದನ್ನು ಜಾರಾಳಿಂದ ಕಲಿಯುತ್ತಾಳೆ. ಆಮೇಲೆ ಕೂಸನ್ನೆತ್ತಿಕೊಂಡ ದಂಪತಿ ಸೇರುತ್ತಾರೆ, ಒಬ್ಬ ವಯಸ್ಸಾದ ವೈದ್ಯ ಸೇರುತ್ತಾನೆ. ಯಾರೂ ಯಾರನ್ನೂ ಸುಮ್ಮನೆ ನಂಬುವುದಿಲ್ಲ. ರಾತ್ರಿ ಸರದಿಯ ಮೇಲೆ ಕಾವಲು ಕಾಯುತ್ತಾರೆ. ಇನ್ನೊಬ್ಬ ಎಚ್ಚರವಿದ್ದಾನೆಂದು ಕಣ್ಣು ಮುಚ್ಚುವುದನ್ನು ಒಂದೊಂದೇ ರಾತ್ರಿ ರೂಢಿ ಮಾಡಿಕೊಳ್ಳುತ್ತಾರೆ. ಇದು ಸಂದೇಶವಾದರೆ ಯಾವುದು ಕಾದಂಬರಿ?

ಇದು ಭೋಳೆ ಆಶಾವಾದ ಎನ್ನುವವರು 1998ರ 'ಪ್ಯಾರಬಲ್ ಆಫ್ ದಿ ಟ್ಯಾಲೆಂಟ್ಸ್' ತೆರೆಯಲಿ. ಲಾರೆನ್ ಮತ್ತು ಸಂಗಡಿಗರು ಇಷ್ಟು ಕಷ್ಟಪಟ್ಟು ಕಟ್ಟಿದ ಏಕಾರ್ನ್ ಎಂಬ ಊರನ್ನು ಮತಾಂಧರು ವಶಪಡಿಸಿಕೊಂಡು ಸೆರೆಮನೆ ಮಾಡುತ್ತಾರೆ, ಮಕ್ಕಳನ್ನು ಕಿತ್ತುಕೊಳ್ಳುತ್ತಾರೆ. ಒಗ್ಗಟ್ಟಿದ್ದರೆ ಎಲ್ಲ ಸರಿಹೋಗುತ್ತದೆ ಎಂಬ ಸಮಾಧಾನ ಬಟ್ಲರ್ ಎಲ್ಲೂ ಕೊಟ್ಟಿಲ್ಲ.



ನಮ್ಮ ಕನ್ನಡ ವಿಮರ್ಶಕರ ಮೇಲೂ ನನಗೆ ಹಳೆಯ ಸಿಟ್ಟೊಂದಿದೆ. ಪ್ರಳಯೋತ್ತರ ಕಥನದಂಥ ಬರವಣಿಗೆಯನ್ನು ವೈಜ್ಞಾನಿಕ ಕಥೆ ಎಂದು ಹಣೆಪಟ್ಟಿ ಹಚ್ಚಿ ಮಕ್ಕಳ ಪುರವಣಿಗೆ ಅಟ್ಟಿದವರು ಅವರು. ಪೂರ್ಣಚಂದ್ರ ತೇಜಸ್ವಿಯವರ 'ಚಿದಂಬರ ರಹಸ್ಯ' ಕಾದಂಬರಿ ಕೊನೆಯಾಗುವುದೇ ಕೆಸರೂರೆಂಬ ಊರಿನ ಬೆಂಕಿಯಲ್ಲಿ. ಅದರ ಜಾತಿ, ಏಲಕ್ಕಿ, ರಾಜಕೀಯದ ಚರ್ಚೆ ಬೇಕಾದಷ್ಟಾಯಿತು. ಆ ಬೆಂಕಿಯಿಂದ ಪಾರಾದವರು ಮರುದಿನ ಯಾರ ಜೊತೆ ಬದುಕಬೇಕು ಎಂದು ಕೇಳಿದವರು ಕಡಿಮೆ. ಆ ಪ್ರಶ್ನೆ ಕಾದಂಬರಿಯಾಚೆಗೂ ಇದೆ: 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಮನೆ ಕಳೆದುಕೊಂಡವರು ಪರಿಹಾರ ಕೇಂದ್ರಗಳಲ್ಲಿ ದಿನ ದೂಡಿದರು. ಅಲ್ಲಿ ಒಲೆ ಮುಂದೆ ಯಾರು ನಿಂತರು, ಯಾರು ಬಡಿಸಿದ್ದನ್ನು ಯಾರು ಉಂಡರು, ಯಾರು ಉಣ್ಣಲಿಲ್ಲ, ರಾತ್ರಿ ಮಳೆ ಜೋರಾದಾಗ ಎದ್ದು ಕೂತವರು ಯಾರು? ಇದನ್ನು ಕಾದಂಬರಿಯಾಗಿ ಬರೆದವರಿದ್ದರೆ ಹಸ್ತಪ್ರತಿ ಕಳಿಸಿ. ಎಷ್ಟೇ ಉದ್ದವಿರಲಿ, ಧಾರಾವಾಹಿಯಾಗಿ ಹಾಕುತ್ತೇವೆ.