ಮಾಸದ ನೀಲಿ, ಉದುರುವ ಹೆಂಚು

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಕಡೆಯ ಶಾಲೆಗಳಿಂದ ಬೀದರಕ್ಕೆ ಪ್ರವಾಸ ಹೋಗುವ ಮಕ್ಕಳು ಮಹಮೂದ್ ಗಾವಾನನ ಮದರಸಾದ ಮುಂದೆ ನಿಂತು ಕೇಳಬೇಕಾದ ಪ್ರಶ್ನೆಯೊಂದಿದೆ. ಮನೆಯ ಗೋಡೆಗೆ ಹಚ್ಚಿದ ಬಣ್ಣ ನಾಲ್ಕು ಮಳೆಗಾಲಕ್ಕೇ ಮಾಸುತ್ತದೆ. ಆದರೆ 1472ರಲ್ಲಿ ಮುಗಿದ ಈ ಕಟ್ಟಡದಲ್ಲಿ ಉಳಿದಿರುವ ಹೆಂಚುಗಳ ನೀಲಿ ಇಂದಿಗೂ ಹೊಳೆಯುತ್ತದೆ. ಏಕೆ?

ಕಾರಣ ಇಷ್ಟೇ: ಅದು ಬಳಿದ ಬಣ್ಣವಲ್ಲ, ಗಾಜು. ಗಾವಾನ ಇರಾನಿನ ಗಿಲಾನ್ ಪ್ರಾಂತದಿಂದ ಬಂದು ಬಹಮನಿ ರಾಜ್ಯದ ಪ್ರಧಾನಿಯಾದವನು. ಅವನು ಕಟ್ಟಿಸಿದ ಮದರಸಾದ ಗೋಡೆಗಳನ್ನು ಪರ್ಷಿಯನ್ ಶೈಲಿಯ ಬಣ್ಣದ ಹೆಂಚುಗಳಿಂದ ಅಲಂಕರಿಸಲಾಯಿತು. ಇಂಥ ಹೆಂಚಿನ ಮೇಲೆ ನುಣ್ಣಗೆ ಅರೆದ ಬೆಣಚುಕಲ್ಲಿನ ಪುಡಿಗೆ ಕ್ಷಾರ ಅಥವಾ ಸೀಸದ ಆಕ್ಸೈಡ್ ಬೆರೆಸಿದ ಲೇಪ ಹಚ್ಚಿ ಭಟ್ಟಿಯಲ್ಲಿ ಸುಡುತ್ತಾರೆ. ಬೆಣಚು ಒಂದೇ ಕರಗಬೇಕಾದರೆ ಸುಮಾರು 1,700 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಕ್ಷಾರವೋ ಸೀಸವೋ ಬೆರೆತರೆ ಸಾವಿರ ಡಿಗ್ರಿಯ ಆಸುಪಾಸಿನಲ್ಲೇ ಕರಗಿ, ತೆಳುವಾದ ಗಾಜಿನ ಪದರವಾಗಿ ಹೆಂಚನ್ನು ಹಿಡಿದುಕೊಳ್ಳುತ್ತದೆ.

ಬಣ್ಣ ಕೊಡುವುದು ಲೋಹಗಳ ಆಕ್ಸೈಡ್. ಕೋಬಾಲ್ಟ್ ಗಾಢ ನೀಲಿ ಕೊಡುತ್ತದೆ, ತವರ ಬಿಳಿ. ತಾಮ್ರದ್ದೇ ಸೋಜಿಗ: ಕ್ಷಾರದ ಗಾಜಿನಲ್ಲಿ ಅದು ತಿಳಿನೀಲಿ, ಸೀಸದ ಗಾಜಿನಲ್ಲಿ ಹಸಿರು! ಲೋಹ ಗಾಜಿನೊಳಗೇ ಸೇರಿಹೋಗಿರುವುದರಿಂದ ಬಿಸಿಲು ಅದನ್ನು ಮಾಸಿಸಲಾರದು.

ಚಿತ್ತಾರ ಮೂಡಿಸಲು ಪರ್ಷಿಯಾದಲ್ಲಿ ಎರಡು ಮುಖ್ಯ ವಿಧಾನಗಳಿದ್ದವು. ಒಂದೊಂದು ಬಣ್ಣದ ಹೆಂಚನ್ನೂ ಬೇಕಾದ ಆಕಾರಕ್ಕೆ ಕತ್ತರಿಸಿ ಜೋಡಿಸುವುದು ಮೊದಲನೆಯದು. ಒಂದೇ ಹೆಂಚಿನ ಮೇಲೆ ಹಲವು ಬಣ್ಣ ತುಂಬುವುದು ಎರಡನೆಯದು. ಆಗ ಬಣ್ಣಗಳ ನಡುವೆ ಮ್ಯಾಂಗನೀಸ್ ಬೆರೆಸಿದ ಜಿಡ್ಡಿನ ಗೆರೆ ಎಳೆಯುತ್ತಿದ್ದರು. ನೀರಿನಲ್ಲಿ ಕಲಸಿದ ಲೇಪ ಜಿಡ್ಡನ್ನು ದಾಟುವುದಿಲ್ಲವಲ್ಲ!

ಹಾಗಾದರೆ ಮದರಸಾದ ಗೋಡೆ ಇಂದು ಬಹುಪಾಲು ಬೋಳಾಗಿರುವುದೇಕೆ? 17ನೆಯ ಶತಮಾನದ ಕೊನೆಯಲ್ಲಿ ಒಳಗೆ ಇಟ್ಟಿದ್ದ ಸಿಡಿಮದ್ದು ಸ್ಫೋಟಿಸಿ ಒಂದು ಮಿನಾರು ಮತ್ತು ಮುಂಭಾಗದ ಗೋಡೆ ಕುಸಿದವು. ಉಳಿದ ಹೆಂಚಿಗೆ ವೈರಿ ನೀರು. ಗಾಜು ಗಟ್ಟಿ, ಅದರ ಹಿಂದಿನ ಗಾರೆ ಮೆತ್ತಗೆ. ಗಾರೆಯ ಸುಣ್ಣ ಬರುವುದು ಸುಣ್ಣದ ಕಲ್ಲನ್ನು ಸುಟ್ಟು. ಶಹಾಬಾದ, ವಾಡಿ, ಸೇಡಂ ಮಕ್ಕಳಿಗೆ ಆ ಕಲ್ಲು ಹೊಸದಲ್ಲ, ಮನೆಯ ನೆಲಕ್ಕೆ ಹಾಸಿದ ಪರಸಿಯೂ ಅದೇ ಜಾತಿಯದು. ಮಳೆನೀರು ಗೋಡೆಯೊಳಗೆ ಇಳಿದು ಲವಣಗಳನ್ನು ಕರಗಿಸುತ್ತದೆ. ನೀರು ಆರಿದಾಗ ಲವಣ ಹರಳುಗಟ್ಟಿ ಹಿಗ್ಗುತ್ತದೆ, ಹೆಂಚನ್ನು ಹಿಂದಿನಿಂದ ತಳ್ಳುತ್ತದೆ. ಸಡಿಲವಾದ ಅಂಚಿಗೆ ಬೆರಳು ಹಾಕಿ ಎಬ್ಬುವವರು ಕೆಲಸ ಮುಗಿಸುತ್ತಾರೆ.

ನೀರನ್ನು ತಡೆಯುವುದು ಪುರಾತತ್ವ ಇಲಾಖೆಯ ಕೆಲಸ. ಬೆರಳನ್ನು ತಡೆಯುವುದು ಮಕ್ಕಳ, ಪಾಲಕರ ಕೈಯಲ್ಲಿದೆ. ಪ್ರವಾಸದಲ್ಲಿ ನೆಲಕ್ಕೆ ಬಿದ್ದ ನೀಲಿ ಚೂರು ಕಂಡರೆ ಜೇಬಿಗೆ ಹಾಕಬೇಡಿ, ಕಾವಲುಗಾರರಿಗೆ ತಿಳಿಸಿ.